ಒಂದೇ ಕೈ ಬಲ್ಲ ನಾಯಿ

ಬೆಳಗಿನ ಕಾಫಿ ಮುಗಿಸಿ ಲೋಟ ಕೆಳಗಿಟ್ಟವನೇ ಟೆಬಾನ್ ಹಿತ್ತಲಿನ ಸೂಜಿಮೆಣಸಿನ ಗಿಡದ ಹತ್ತಿರ ಹೋಗಿ ನಿಂತ. ಕೆಂಪಗೆ ಹಣ್ಣಾದ ಕಾಯಿಗಳನ್ನೇ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದ. ಬಿಕೋಲ್ ಸೀಮೆಯಲ್ಲಿ ಮೆಣಸಿನಕಾಯಿ ಕೀಳುವವನನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಮೊಲೆಹಾಲು ಕುಡಿಯುವ ಕೂಸುಗಳನ್ನು ಬಿಟ್ಟರೆ ಅಲ್ಲಿ ಎಲ್ಲರೂ ತೆಂಗಿನ ಹಾಲಿನಲ್ಲಿ ಮೆಣಸಿನಕಾಯಿ ಬೇಯಿಸಿ ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದು ತುತ್ತು ಕೇಳುವವರೇ. ಆದರೆ ಆ ದಿನ ಅವನ ಹೆಂಡತಿ ಚಾರಿಂಗ್ ಕೇಳಿದಳು.

"ಯಾರಿಗೆ ಅದು?"

"ಯಾರಿಗೆ ಅಂದ್ರೆ? ಮರಿಗಳು ಕಣ್ಣು ಬಿಟ್ಟು ಅನ್ನ ನೆಕ್ಕೋಕೆ ಶುರು ಮಾಡಿವೆ. ಈಗ್ಲಿಂದ ದಿನಕ್ಕೊಂದು ಅರೆದು ಹಾಕಿದ್ರೆ..."

"ಹಾಕು, ನೋಡೋಣ. ಅಷ್ಟೇ ಮೆಣಸಿನಕಾಯಿ ನಾಳೆ ನಿನ್ನ ಕಾಫಿಲಿ ಇರತ್ತೆ."

ಟೆಬಾನ್ ನಕ್ಕ. ಆದರೆ ಚಾರಿಂಗ್ ನಗುತ್ತಿರಲಿಲ್ಲ. ಅವಳು ಚಪ್ಪರದ ಕೆಳಗೆ ಮರದ ದಿಮ್ಮಿಯ ಮುಂದೆ ಕೂತು ಪಿಲಿ ಕಾಯಿ ಒಡೆಯುತ್ತಿದ್ದಳು. ಪಿಲಿಯ ಚಿಪ್ಪು ಕಲ್ಲಿನ ಜಾತಿ. ಎಡಗೈಯಲ್ಲಿ ನೆಟ್ಟಗೆ ಹಿಡಿದು, ಬಲಗೈಯ ಮಚ್ಚಿನಿಂದ ಸರಿಯಾಗಿ ನಡುವಿಗೇ ಒಂದು ಏಟು ಕೊಟ್ಟರೆ ಒಳಗಿನ ಬೀಜ ಇಡಿಯಾಗಿ ಬರುತ್ತದೆ. ಒಂದು ಕಾಲಕ್ಕೆ ಸಾನ್ ರೋಕೆ ಊರಿನಲ್ಲೇ ಅವಳಷ್ಟು ಚುರುಕಾಗಿ ಒಡೆಯುವವರಿರಲಿಲ್ಲ. ಈಗ ಅವಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಹಾಗಾಗಿ ಕಾಯಿ ಜಾರುತ್ತದೆ, ಬೀಜ ಪುಡಿಯಾಗುತ್ತದೆ. ಪುಡಿಬೀಜವನ್ನು ಮಿಠಾಯಿಯವರು ಮೂಗು ಮುರಿದುಕೊಂಡೇ ಕೊಳ್ಳುತ್ತಾರೆ.

ಆ ಬೆರಳುಗಳನ್ನು ಹಾಗೆ ಮಾಡಿದ್ದು ಅವರದೇ ನಾಯಿ, ಇಸೋಗ್. ಇಸೋಗ್ ಅಂದರೆ ಆ ಕಡೆಯ ಮಾತಿನಲ್ಲಿ ಧೈರ್ಯ.

ನಾಯಿಯನ್ನು ಹುಲಿ ಮಾಡುವ ವಿದ್ಯೆ ಟೆಬಾನನಿಗೆ ಅವನ ಅಪ್ಪನಿಂದ ಬಂದದ್ದು. ಮರಿ ಕಣ್ಣು ಬಿಟ್ಟ ಕೂಡಲೇ ಅನ್ನಕ್ಕೆ ಸೂಜಿಮೆಣಸು ಅರೆದು ಹಾಕಬೇಕು. ಕೋಳಿ ಮುಚ್ಚುವ ಬುಟ್ಟಿಯೊಳಗೆ ಕೂಡಿ, ಮೇಲೆ ಗೋಣಿ ಹೊದಿಸಿ, ಮನುಷ್ಯರ ಮುಖ ಕಾಣದ ಹಾಗೆ ಬೆಳೆಸಬೇಕು. ಅನ್ನ ಹಾಕುವ ಕೈ ಒಂದೇ ಇರಬೇಕು. ಆಮೇಲೆ ಸರಪಳಿ. ಹೀಗೆ ಬೆಳೆದ ನಾಯಿ ಅನ್ನ ಹಾಕಿದವನನ್ನು ಬಿಟ್ಟು ದೇವರು ಬಂದರೂ ಹತ್ತಿರ ಸೇರಿಸುವುದಿಲ್ಲ. ಟೆಬಾನನ ಮನೆಯ ಮರಿ ಬೇಕೆಂದು ಜನ ಹೆಣ್ಣು ಕೇಳಲು ಬಂದ ಹಾಗೆ ಬಾಳೆಗೊನೆ ಹಿಡಿದು ಬರುತ್ತಿದ್ದರು. ಹೊಗೆಗೂಡಿನಲ್ಲಿ ಕೊಬ್ಬರಿ ಒಣಗಿಸಿ ಬದುಕುವ ಬಡವನಿಗೆ ಊರಿನಲ್ಲಿ ಇದ್ದ ಹೆಸರು ಅದೊಂದೇ.

ಹೋದ ವರ್ಷದ ಚಂಡಮಾರುತದಲ್ಲಿ ನದಿ ಉಕ್ಕಿದಾಗ ಟೆಬಾನ್ ಮೇಲಿನ ತೋಟದಲ್ಲಿ ಕೊಬ್ಬರಿ ಗೂಡಿನ ಹತ್ತಿರ ಸಿಕ್ಕಿಕೊಂಡಿದ್ದ. ಮನೆಯಲ್ಲಿ ಚಾರಿಂಗ್ ಒಬ್ಬಳೇ. ಎಲ್ಲರೂ ಶಾಲೆಗೆ ಬನ್ನಿ ಎಂದು ಬರಾಂಗಾಯ್‌ನವರು, ಊರ ಪಂಚಾಯಿತಿಯವರು, ಕೂಗಿಕೊಂಡು ಹೋದರು. ಚಾರಿಂಗ್ ಗಂಟು ಕಟ್ಟಿಕೊಂಡು ಮೆಟ್ಟಿಲಿಳಿದು ನೋಡಿದರೆ ಕಂಬಕ್ಕೆ ಬಿಗಿದ ಇಸೋಗ್‌ನ ಎದೆಮಟ್ಟಕ್ಕೆ ನೀರು. ಅದನ್ನು ಹಾಗೇ ಬಿಟ್ಟು ಹೋಗಲು ಅವಳಿಂದಾಗಲಿಲ್ಲ. ನೀರಿಗಿಳಿದು ಕತ್ತಿನ ಕೊಂಡಿಗೆ ಕೈ ಹಾಕಿದಳು. ಎಂಟು ವರ್ಷ ಒಂದೇ ಅಂಗಳದಲ್ಲಿ ಅವಳನ್ನು ನೋಡುತ್ತ ಬಂದಿದ್ದ ನಾಯಿ ಆ ಕೈಯನ್ನೇ ಕಚ್ಚಿ ಹಿಡಿಯಿತು. ಚಾರಿಂಗ್ ಕಚ್ಚಿಸಿಕೊಂಡೇ ಇನ್ನೊಂದು ಕೈಯಲ್ಲಿ ಕೊಂಡಿ ಬಿಚ್ಚಿದಳು. ನಾಯಿ ಈಜಿ ಹೋಗಿ ಹಂದಿಗೂಡಿನ ಮಾಡು ಹತ್ತಿ ಬದುಕಿಕೊಂಡಿತು. ಚಾರಿಂಗ್ ಆರೋಗ್ಯ ಕೇಂದ್ರಕ್ಕೆ ಅಲೆದು ಹುಚ್ಚುನಾಯಿ ರೋಗದ ಸೂಜಿ ಚುಚ್ಚಿಸಿಕೊಂಡಳು.

ಅವಳಿಗೆ ನೋವಾದದ್ದು ಅದಕ್ಕಲ್ಲ. ನೀರಿಳಿದ ಮೇಲೆ ಟೆಬಾನನ ಗೆಳೆಯ ಆಂಬೋ ಬಂದು, "ಏನು ನಾಯಿ ಪಾದಿ! ಮುಳುಗಿ ಸಾಯ್ತಿದ್ರೂ ಬೇರೆಯವ್ರ ಕೈ ಮುಟ್ಟಿಸ್ಕೊಳ್ಳಿಲ್ವಲ್ಲ!" ಎಂದು ಹೊಗಳಿದ. ಆಂಬೋನ ಮಗನ ಜ್ಞಾನಸ್ನಾನಕ್ಕೆ ಟೆಬಾನ್ ಧರ್ಮತಂದೆಯಾಗಿ ನಿಂತಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಪಾದಿ. ಪಾದಿಯ ಮಾತು ಕೇಳಿ ಟೆಬಾನನ ಮುಖದಲ್ಲಿ ಒಂದು ಸಣ್ಣ ನಗು ಬಂತು. ಕೈಗೆ ಪಟ್ಟಿ ಕಟ್ಟಿಕೊಂಡು ಅಲ್ಲೇ ನಿಂತಿದ್ದ ಚಾರಿಂಗ್ ಆ ನಗುವನ್ನು ನೋಡಿದಳು. ಬೆರಳಿನ ಗಾಯ ಮಾಯಿತು, ಇದು ಮಾಯಲಿಲ್ಲ.

ಈ ಸಲ ಸಾನ್ ರೋಕೆಯ ಹಬ್ಬದ ವಾರದಲ್ಲೇ ಇಸೋಗ್ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆಯಡಿ, ಹಳೇ ಕೊಬ್ಬರಿ ಚೀಲಗಳ ಮೇಲೆ ಐದು ಮರಿ ಹಾಕಿತ್ತು. ಚಾರಿಂಗ್ ದೂರದಿಂದಲೇ ಗಂಜಿ ತಳ್ಳಿ ಬಾಣಂತನ ಮಾಡಿದ್ದಳು. ಇವತ್ತು ಅವಳು ಮಚ್ಚನ್ನು ದಿಮ್ಮಿಗೆ ಕಚ್ಚಿಸಿ ನಿಲ್ಲಿಸಿ ಹೇಳಿದಳು.

"ಕೇಳು ಟೆಬಾನ್. ಈ ಸಲದ ಮರಿಗಳು ನನ್ನವು. ಇವಕ್ಕೆ ಮೆಣಸಿನಕಾಯಿ ಇಲ್ಲ, ಬುಟ್ಟಿ ಇಲ್ಲ. ಇವಕ್ಕೆ ಈ ಊರಿನ ಕೈಯೆಲ್ಲ ಗೊತ್ತಿರಬೇಕು."

"ಎಲ್ಲರ ಕೈಗೂ ಹೊಟ್ಟೆ ತೋರಿಸೋ ನಾಯಿ ಕಳ್ಳನಿಗೂ ತೋರಿಸತ್ತೆ ಕಣೆ. ಕಂಡೋರ ಮಡಿಲಲ್ಲಿ ಮಲಗೋಕೆ ನಾಯಿ ಯಾಕೆ, ಬೆಕ್ಕು ಸಾಕು."

"ಹೋದ ವರ್ಷ ಕೊಬ್ಬರಿ ಮೂಟೆ ಹೋದಾಗ ನಿನ್ನ ಹುಲಿ ಎಲ್ಲಿತ್ತು?"

"ಇಲ್ಲೇ ಇತ್ತು. ಗಂಟಲು ಹರಿಯೋ ಹಾಗೆ ಬೊಗಳಲಿಲ್ವಾ?"

"ಬೊಗಳ್ತು. ಆದ್ರೆ ಸರಪಳಿ ಎಷ್ಟುದ್ದ ಅಂತ ಕಳ್ಳನಿಗೆ ಗೊತ್ತಿತ್ತು. ಅದರಿಂದ ಒಂದು ಗೇಣು ಆಚೆ ನಿಂತು ಆರಾಮವಾಗಿ ಹೊತ್ಕೊಂಡು ಹೋದ. ಬೊಗಳೋಕೆ ಮೆಣಸಿನಕಾಯಿ ಬೇಕಾಗಿಲ್ಲಪ್ಪ. ನಮ್ಮ ಗುಡಿಯಲ್ಲಿ ಸಂತ ರೋಕೆ ಪಕ್ಕದಲ್ಲಿ ನಿಂತಿದೆಯಲ್ಲ ನಾಯಿ, ಅದು ಯಾರನ್ನ ಕಚ್ಚಿತ್ತು?"

"ಅದು ಮರದ್ದು."

"ನಿನಗಿಂತ ವಾಸಿ."

ಟೆಬಾನ್ ಮೆಣಸಿನಕಾಯಿಗಳನ್ನು ಜೇಬಿಗೆ ಹಾಕಿಕೊಂಡ. ಬಿಸಾಡಲಂತೂ ಇಲ್ಲ.

ಈಗ ಒಂದು ತೊಡಕು ಎದುರಾಯಿತು. ಇಸೋಗ್ ಇರುವವರೆಗೆ ಮರಿಗಳ ಹತ್ತಿರ ಯಾರೂ ಹೋಗುವಂತಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಂದಷ್ಟು ಹೊತ್ತು ಟೆಬಾನನೇ ಅದನ್ನು ತೆಂಗಿನ ತೋಟಕ್ಕೆ ಕರೆದುಕೊಂಡು ಹೋಗಬೇಕೆಂದು ಚಾರಿಂಗ್ ಕಟ್ಟಪ್ಪಣೆ ಮಾಡಿದಳು. ಅವನು ಗೊಣಗುತ್ತಲೇ ಸರಪಳಿ ಬಿಚ್ಚಿ ಹಗ್ಗ ಕಟ್ಟಿದ.

ಕಂಬದ ಸುತ್ತ ಇಸೋಗ್ ಒಂಬತ್ತು ವರ್ಷ ತಿರುಗಿ ತಿರುಗಿ ಹುಲ್ಲು ಹುಟ್ಟದ ಒಂದು ಬೋಳು ವೃತ್ತವಾಗಿತ್ತು. ಆ ವೃತ್ತದ ಅಂಚಿಗೆ ಬಂದ ಕೂಡಲೇ ನಾಯಿ ನಿಂತುಬಿಟ್ಟಿತು. ಅದರಾಚೆ ಹೆಜ್ಜೆ ಇಡಲೊಲ್ಲದು. ಟೆಬಾನ್ ಗದರಿದ, ಎಳೆದ, ಕೊನೆಗೆ ಎತ್ತಿಕೊಂಡು ಹೋಗಿ ತೋಟದಲ್ಲಿ ಇಳಿಸಿದ. ಎಲ್ಲೋ ಒಂದು ಒಣ ಗರಿ ಮರದಿಂದ ಕಳಚಿ ದಡಕ್ಕನೆ ಬಿತ್ತು. ಊರನ್ನೇ ನಡುಗಿಸುವ ಇಸೋಗ್ ನಿಂತಲ್ಲೇ ಉಚ್ಚೆ ಹೊಯ್ದು, ಬಾಲ ಹೊಟ್ಟೆಗೆ ಒತ್ತಿಕೊಂಡು ಅವನ ಕಾಲುಗಳ ನಡುವೆ ನುಸುಳಿತು. ಆಮೇಲೆ ಕೋಣ ಹೊಡೆದುಕೊಂಡು ಯಾರೋ ಹೋದರು, ಕೊಡೆ ಬಿಚ್ಚಿಕೊಂಡು ಒಬ್ಬಳು ಮುದುಕಿ ಬಂದಳು. ಪ್ರತಿಯೊಂದಕ್ಕೂ ಅದೇ ನಡುಕ. ಮೊಣಕಾಲಿಗೆ ಒತ್ತಿಕೊಂಡ ಅದರ ಪಕ್ಕೆ ಅದುರುವುದು ಟೆಬಾನನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಯಾರಾದರೂ ನೋಡಿದರೇ ಎಂದು ಅವನು ಸುತ್ತ ಕಣ್ಣು ಹಾಯಿಸಿದ. ಮಗನ ಕಳ್ಳತನ ಕಣ್ಣಾರೆ ಕಂಡ ಅಪ್ಪನಿಗೆ ಆಗುವಂಥ ನಾಚಿಕೆ ಅವನಿಗಾಯಿತು. ಬಾಣಂತಿ ನಾಯಿ, ವಯಸ್ಸೂ ಆಗಿದೆ, ಅದಕ್ಕೇ ಹೀಗೆ ಎಂದು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಇತ್ತ ಚಪ್ಪರದಲ್ಲಿ ಚಾರಿಂಗ್‌ಳದು ಒಂದು ಹೊಸ ಕಾನೂನು ಜಾರಿಗೆ ಬಂದಿತ್ತು. ಹರಟೆಗೆ ಬಂದವರು ಮೊದಲು ಕೈ ತೊಳೆದು ಒಂದು ಮರಿ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕೂರಲು ಮಣೆಯಿಲ್ಲ, ಕೇಳಲು ಸುದ್ದಿಯಿಲ್ಲ. ಮೀನು ಮಾರುವ ಬೆಲೆನ್, "ನನ್ನ ಕೈ ತೊಳೆದ್ರೂ ಮೀನೇ ನಾರತ್ತೆ ಮಾನಾಯ್" ಎಂದರೆ ಚಾರಿಂಗ್, "ನಾರಲಿ ಬಿಡೆ, ಅದೂ ಗೊತ್ತಾಗ್ಲಿ ಅವಕ್ಕೆ" ಎನ್ನುತ್ತಿದ್ದಳು. ಅಲ್ಲಿ ಹೆಂಗಸರೆಲ್ಲ ಅವಳನ್ನು ಮಾನಾಯ್, ಅಕ್ಕ, ಎಂದೇ, ಟೆಬಾನನನ್ನು ಮಾನೊಯ್, ಅಣ್ಣ, ಎಂದೇ ಕರೆಯುತ್ತಿದ್ದರು. ಟ್ರೈಸಿಕಲ್ ಓಡಿಸುವ ಡೋಮಿಂಗ್ ಬಂದಾಗ ಗಾಡಿಯ ಎಂಜಿನ್ ಚಾಲೂ ಇಟ್ಟುಕೊಂಡೇ ಮರಿಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕಿತ್ತು. ಪಾತ್ರೆ ಬೀಳುವ ಸದ್ದು, ಕೊಡೆ ಬಿಚ್ಚುವ ಸದ್ದು, ಹುಂಜದ ರೆಕ್ಕೆ, ಗಡ್ಡದ ಗಂಡಸರು, ಕಿರುಚುವ ಮಕ್ಕಳು, ಎಲ್ಲವೂ ಮರಿಗಳ ಪಾಲಿಗೆ ಪಾಠ. ಹೆದರಿದರೆ ಚಾರಿಂಗ್ ಬಲವಂತ ಮಾಡುತ್ತಿರಲಿಲ್ಲ. ಅದೇ ತಿರುಗಿ ಬಂದು ಮೂಸುವವರೆಗೆ ಸುಮ್ಮನಿರಿ ಎನ್ನುತ್ತಿದ್ದಳು. ಹಾಲು ಬಿಡಿಸುವ ಕಾಲ ಬರುವ ಮೊದಲೇ ಗಾಟಾ, ತೆಂಗಿನ ಹಾಲು, ಎಂದು ಹೆಸರಾದ ಬಿಳಿಮರಿ ಬೆಲೆನ್‌ಳ ಲಂಗಕ್ಕೆ ಅಂಟಿಕೊಂಡಿತು. ಮೀನಿನ ವಾಸನೆ ಅದಕ್ಕೆ ಸ್ವರ್ಗದ ದಾರಿಯಾಗಿತ್ತು.

ದಿನಾ ತಪ್ಪದೆ ಬರುತ್ತಿದ್ದವಳೆಂದರೆ ಆಂಬೋನ ತಾಯಿ, ಪೋನ್ಯಾಂಗ್ ಅಜ್ಜಿ. ಕಣ್ಣಿಗೆ ಬೆಳಕು ಮಾತ್ರ ಕಾಣುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ. ಕೋಲೂರಿಕೊಂಡು, ಬೇಲಿಯನ್ನು ಸವರಿಕೊಂಡು ಬಂದು ಕೂತರೆ ಮರಿಗಳು ಅವಳ ಮೇಲೆ ಹತ್ತಿ ಇಳಿಯುತ್ತಿದ್ದವು. ಅವಳು ಒಂದೊಂದನ್ನೂ ತಲೆಯಿಂದ ಬಾಲದವರೆಗೆ ಸವರಿ ಇದು ಇಂಥದು ಎಂದು ಹೇಳುತ್ತಿದ್ದಳು. ಕಿವಿಯ ತುದಿ ಸೀಳಿದ್ದ ಕಪ್ಪು ಮರಿಯ ಮೇಲೆ ಅವಳಿಗೆ ಕೊಂಚ ಹೆಚ್ಚು ಪ್ರೀತಿ. ಅದಕ್ಕೆ ಊರಿಂಗ್, ಇದ್ದಿಲು, ಎಂದು ಹೆಸರಿಟ್ಟದ್ದೂ ಅವಳೇ.

ಒಂದು ಬೆಳಿಗ್ಗೆ ಅಜ್ಜಿ ಸವರಿ ಮುಗಿಸಿ, "ಚಾರಿಂಗ್, ನಾಲ್ಕೇ ಇವೆಯಲ್ಲೇ. ನನ್ನ ಸೀಳು ಕಿವಿಯವನೆಲ್ಲಿ?" ಎಂದಳು.

ಚಾರಿಂಗ್ ಮನೆಯಡಿ ಹುಡುಕಿದಳು, ಬಚ್ಚಲಲ್ಲಿ ಹುಡುಕಿದಳು. ಅಷ್ಟರಲ್ಲಿ ತೋಟದಿಂದ ಬಂದ ಟೆಬಾನ್, "ಅದನ್ನ ನದಿಯಾಚೆ ಮೀನುಕೊಳದವನು ನಿನ್ನೆ ತಗೊಂಡು ಹೋದ. ನೀನು ಸಂತೆಗೆ ಹೋಗಿದ್ದೆ" ಎಂದ.

"ಇನ್ನೂ ಹಾಲು ಕುಡಿಯೋ ಮರೀನ? ನನ್ನ ಕೇಳದೇನೆ?"

"ಕೇಳಿದ, ಕೊಟ್ಟೆ. ಒಂದು ಮರಿಗೆ ಇಷ್ಟು ರಂಪ ಯಾಕೆ?"

ಊರಿಂಗ್ ಆಗ ತೋಟದ ತುದಿಯ ಕೊಬ್ಬರಿ ಗೂಡಿನ ಹಿಂದೆ, ಗೋಣಿ ಹೊದಿಸಿದ ಕೋಳಿಬುಟ್ಟಿಯೊಳಗೆ ಹೊಗೆ ಕುಡಿಯುತ್ತ ಕೂತಿತ್ತು. ಹಿಂದಿನ ದಿನ ಆಂಬೋ ಎಲ್ಲರೆದುರಿಗೆ ಟೆಬಾನನನ್ನು ಹಂಗಿಸಿದ್ದ. "ಏನ್ ಪಾದಿ, ನಿನ್ನ ಹೆಂಡ್ತಿ ಹುಲಿಮರೀನೆಲ್ಲ ಇಲಿಮರಿ ಮಾಡ್ತಿದಾಳಂತೆ! ನನಗೆ ಮಾತು ಕೊಟ್ಟಿರೋ ಮರೀನಾದ್ರೂ ನಿನ್ನ ಕೈಯಲ್ಲೇ ಬೆಳೆಸಪ್ಪ. ನಮ್ಮಮ್ಮ ಮನೇಲಿ ಒಬ್ಳೇ ಇರ್ತಾಳೆ. ಕಣ್ಣು ಕಾಣದೋಳನ್ನ ನೋಡ್ಕೊಂಡು ಕಳ್ಳರು ಬರ್ತಾರೆ." ಅದೂ ಸುಳ್ಳಲ್ಲ, ಆಂಬೋನ ಚಿಂತೆ ನಿಜವಾದದ್ದೇ. ಟೆಬಾನನಿಗೂ ತನ್ನ ಹೆಸರು ಉಳಿಸಿಕೊಳ್ಳಬೇಕಿತ್ತು. ತೋಟದಲ್ಲಿ ದಿನಾ ಕಾಣುತ್ತಿದ್ದ ಇಸೋಗ್‌ನ ನಡುಕ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ವಿದ್ಯೆ ತಪ್ಪಲ್ಲ ಎಂದು ತನಗಾದರೂ ತೋರಿಸಿಕೊಳ್ಳಬೇಕೆಂದು ಅವನು ಊರಿಂಗ್‌ನನ್ನು ಎತ್ತಿಕೊಂಡು ಹೋಗಿದ್ದ. ಮೆಣಸಿನ ಅನ್ನ ತಿಂದು ಮರಿ ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡು ಅತ್ತಾಗ ಅವನು ಗೋಣಿ ಎಳೆದು ಬೇಗ ಬೇಗ ನಡೆದುಬಿಡುತ್ತಿದ್ದ.

ವಾರಗಳು ಕಳೆದವು. ಚಾರಿಂಗ್ ಬೀಜದ ಚೀಲ ಹೊತ್ತು ಪೇಟೆಗೆ ಹೋದ ದಿನ ನೋಡಿ ಟೆಬಾನ್ ಬುಟ್ಟಿಯನ್ನು ಅಂಗಳಕ್ಕೆ ತಂದ. ಆಂಬೋ ಹೊಸ ಸರಪಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಗೋಣಿ ಸರಿಸಿ ಬೆರಳು ತೋರಿಸಿದ್ದೇ ತಡ, ಒಳಗಿನಿಂದ ಮರಿ ಹಲ್ಲು ಕಿರಿದು ಹಾರಿತು. ಆಂಬೋ ಕುಣಿದಾಡಿದ.

"ಇದಪ್ಪ ಟೆಬಾನ್ ನಾಯಿ ಅಂದ್ರೆ! ನೋಡು, ಇಷ್ಟುದ್ದ ಇದೆ, ಆಗ್ಲೇ ನನ್ನನ್ನೇ ತಿನ್ನೋಕೆ ಬರ್ತಿದೆ!"

ಚಪ್ಪರದಲ್ಲಿ ಉಳಿದ ಮರಿಗಳ ನಡುವೆ ಕೂತಿದ್ದ ಪೋನ್ಯಾಂಗ್ ಅಜ್ಜಿಗೆ ಆ ಸದ್ದು ಕೇಳಿಸಿತು. "ಯಾವ ಮರಿನೋ ಅದು?" ಎನ್ನುತ್ತ ಕೋಲೂರಿಕೊಂಡು ಬಂದಳು. ಮರಿಯೆಂದರೆ ಸವರುವುದು ಅವಳಿಗೆ ರೂಢಿಯಾಗಿ ಹೋಗಿತ್ತು. "ಅಮ್ಮಾ, ಬೇಡ!" ಎಂದು ಆಂಬೋ ಕೂಗುವಷ್ಟರಲ್ಲಿ ಅವಳ ಕೈ ಬುಟ್ಟಿಯೊಳಗಿತ್ತು.

ಮರಿ ಕಚ್ಚಿತು. ಹಾಲುಹಲ್ಲಾದರೂ ಸೂಜಿಯಂಥವು. ಮುದಿ ಚರ್ಮ ಹರಿದು ರಕ್ತ ಬಂತು. ಅಜ್ಜಿ ಸಣ್ಣಗೆ "ಹಾ" ಎಂದಳು, ಆದರೆ ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಇಳಿಸಿ ಮರಿಯ ಕಿವಿ ಮುಟ್ಟಿದಳು. ಸೀಳು ಸಿಕ್ಕಿತು.

"ನನ್ನ ಊರಿಂಗ್ ಅಲ್ವೇನೋ ಇದು! ಟೆಬಾನ್, ನದಿಯಾಚೆ ಹೋಯ್ತು ಅಂದ್ಯಲ್ಲ ನೀನು?"

ಅಜ್ಜಿ ಬೆರಳುಗಳನ್ನು ಮರಿಯ ಎದೆಯ ಕೆಳಗಿಟ್ಟು ನೋಡಿದಳು.

"ಆಂಬೋ, ಇಲ್ಲಿ ಮುಟ್ಟಿ ನೋಡು. ಇದರ ಎದೆ ಹೇಗೆ ಹೊಡ್ಕೊಳ್ತಿದೆ. ನಿನಗೆ ಇದು ಹುಲಿ ಥರ ಕಂಡ್ತೇನೋ? ಸಾಯ್ತೀನಿ ಅಂತ ಅಂದ್ಕೊಂಡಿದೆ ಕಣೋ ಇದು. ನನ್ನ ಮಡಿಲಲ್ಲಿ ನಿದ್ದೆ ಮಾಡ್ತಿದ್ದ ಮರಿಗೆ ಏನು ಮಾಡಿದ್ರಪ್ಪ ನೀವು?"

ಟೆಬಾನನ ಮೊಣಕಾಲಿಗೆ ತೋಟದ ಆ ನಡುಕ ಮತ್ತೆ ತಾಗಿದಂತಾಯಿತು. ತಾಯಿಯದೂ ಅದೇ, ಮಗನದೂ ಅದೇ. ಒಂದನ್ನು ಮಾಡಿ ಹೆಸರು ಗಳಿಸಿದ್ದ, ಇನ್ನೊಂದನ್ನು ಈಗ ಮಾಡಿ ಮುಗಿಸಿದ್ದ.

ಪೇಟೆಯಿಂದ ಬಂದ ಚಾರಿಂಗ್ ಬೇಲಿಯ ಹತ್ತಿರವೇ ನಿಂತು ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಅವಳು ಕೂಗಾಡಲಿಲ್ಲ. ಅಜ್ಜಿಯನ್ನು ಕೈಪಂಪಿನ ಹತ್ತಿರ ಕರೆದುಕೊಂಡು ಹೋಗಿ ಗಾಯವನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದಳು. ಡೋಮಿಂಗ್‌ನ ಗಾಡಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಹತ್ತಿಸಿ ಜೊತೆಗೆ ತಾನೂ ಹೋದಳು. ಗಂಡನ ಕಡೆ ಒಂದು ಸಲವೂ ನೋಡಲಿಲ್ಲ. ಅವಳು ಬೈದಿದ್ದರೆ ಟೆಬಾನನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಸರಿ ಪಾದಿ, ಮರಿ ಕೊಡು, ಹೊರಡ್ತೀನಿ" ಎಂದ ಆಂಬೋ.

"ಕೊಡಲ್ಲ."

"ಏನಂದೆ?"

"ಈಗ ಕಚ್ಚಿಸ್ಕೊಂಡದ್ದು ನಿಮ್ಮಮ್ಮ ಕಣೋ. ನಾಳೆ ಇದನ್ನ ನಿನ್ನ ಬಾಗಿಲಲ್ಲಿ ಕಟ್ಟಿದ್ರೆ, ಅವಳು ಬೇಲಿ ಸವರ್ಕೊಂಡು ಹೊರಗೆ ಬರೋಳು..."

"ಕಟ್ಟಿರ್ತೀನಲ್ಲ! ನಮ್ಮಮ್ಮನಿಗೆ ಹೇಳ್ತೀನಿ ಹತ್ರ ಹೋಗಬೇಡ ಅಂತ. ಮಾತು ಕೊಟ್ಟೋನು ನೀನು. ಹೆಂಡ್ತಿ ಮುಖ ಸಿಂಡರಿಸಿದ್ಲು ಅಂತ ಮಾತು ತಿಂತೀಯಾ?"

"ತಿಂತೀನಿ" ಎಂದ ಟೆಬಾನ್.

ಆಂಬೋ ಸರಪಳಿಯನ್ನು ಅಲ್ಲೇ ಎಸೆದು ಹೋದ. ಆಮೇಲೆ ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಮನೆಯಲ್ಲಿ ಅನ್ನ ಬಡಿಸುವಾಗಲೂ ಮಾತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಟೆಬಾನ್ ಚಪ್ಪರಕ್ಕೆ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ಒಂದು ಪಿಲಿ ಕಾಯಿ ಎತ್ತಿ ದಿಮ್ಮಿಯ ಮೇಲೆ ನೆಟ್ಟಗೆ ಹಿಡಿದ. ಚಾರಿಂಗ್ ಅವನ ಬೆರಳುಗಳನ್ನು ನೋಡಿದಳು, ಮಚ್ಚೆತ್ತಿ ಹೊಡೆದಳು. ಬೀಜ ಇಡಿಯಾಗಿ ಬಂತು. ಅವನು ಇನ್ನೊಂದು ಹಿಡಿದ.

"ಇಸೋಗ್‌ಗೆ ಧೈರ್ಯ ಇಲ್ಲ ಚಾರಿಂಗ್" ಎಂದ. "ತೋಟದಲ್ಲಿ ಒಂದು ಗರಿ ಬಿದ್ರೆ ಉಚ್ಚೆ ಹೊಯ್ಕೊಳ್ಳತ್ತೆ. ನಿನಗೆ ಹೇಳ್ಲಿಲ್ಲ ನಾನು."

"ನನಗೆ ಅವತ್ತೇ ಗೊತ್ತಾಯ್ತು."

"ಯಾವತ್ತು?"

"ಪ್ರವಾಹದ ದಿನ. ನನ್ನ ಕೈ ಅದರ ಬಾಯಲ್ಲಿತ್ತಲ್ಲ, ಆವಾಗ. ಹಲ್ಲು ನಡುಗ್ತಾ ಇತ್ತು ಟೆಬಾನ್."

ಟೆಬಾನ್ ತಲೆ ತಗ್ಗಿಸಿದ. ಹೋದ ವರ್ಷ ಆಂಬೋ ಹೊಗಳಿದಾಗ ತಾನು ನಕ್ಕದ್ದು ಅವನಿಗೆ ನೆನಪಾಯಿತು. ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ ಅವಳು ಅದನ್ನು ನೋಡಿದ್ದಳೆಂಬುದೂ ಈಗ ಹೊಳೆಯಿತು. ಆ ದಿನ ಚೀಲ ಮುಗಿಯುವವರೆಗೂ ಕಾಯಿ ಹಿಡಿದುಕೊಟ್ಟ.

"ಈ ಕಪ್ಪು ಮರಿ ಸರಿಹೋಗತ್ತೇನೆ?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ಇದಿನ್ನೂ ಗಿಡಾನೇ. ಆದ್ರೆ ಬಗ್ಗಿಸೋದು ನನ್ನ ಕೈಯಲ್ಲಿಲ್ಲ. ಖಾರ ತಿನ್ನಿಸಿದ ಕೈಯೇ ತಿದ್ದಬೇಕು."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಟೆಬಾನ್ ಬುಟ್ಟಿಯನ್ನು ಮಗ್ಗುಲಾಗಿ ಉರುಳಿಸಿ, ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂರುತ್ತಿದ್ದ. ಪಕ್ಕದಲ್ಲಿ ಮೀನು ಕಲಸಿದ ಅನ್ನ. ಊರಿಂಗ್ ಹೊರಗೆ ಬರುತ್ತಿರಲಿಲ್ಲ. ಅವನ ಕೈ ಕಂಡರೆ ಮೂತಿಯನ್ನು ಮೂಲೆಗೆ ಒತ್ತಿಕೊಳ್ಳುತ್ತಿತ್ತು. ಬೇರೆಯವರನ್ನು ಕಂಡರೆ ಕಚ್ಚುವ ಹೆದರಿಕೆ, ಇವನನ್ನು ಕಂಡರೆ ಕಚ್ಚಲೂ ಆಗದ ಹೆದರಿಕೆ. ಅನ್ನ ಹಾಕಿದ ಕೈಯನ್ನು ನಾಯಿ ಪ್ರೀತಿಸುತ್ತದೆಂದು ನಂಬಿ ಬಂದವನಿಗೆ ಇದು ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ದಿನಾ ಕೂತ. ತಾನು ಉಣ್ಣುವುದನ್ನೂ ಅಲ್ಲೇ ಉಂಡ. ಅವನ ಊಟದಲ್ಲಿ ಮೆಣಸಿನಕಾಯಿಯೇ ಇರದಿದ್ದದ್ದನ್ನು ನೋಡಿ ಚಾರಿಂಗ್ ಒಳಗೆ ಹೋಗಿ ನಕ್ಕಳು. ಒಂದು ದಿನ ಅವನು ತೂಕಡಿಸುತ್ತಿದ್ದಾಗ ಅಂಗೈಗೆ ತಣ್ಣಗೆ ಏನೋ ತಾಗಿತು. ಅವನು ಕಣ್ಣು ಬಿಡಲಿಲ್ಲ, ಉಸಿರು ಕೂಡ ಜೋರಾಗಿ ಬಿಡಲಿಲ್ಲ. ಮರಿ ಅಂಗೈಯನ್ನೆಲ್ಲ ಮೂಸಿ, ನೆಕ್ಕಿ, ಅಲ್ಲೇ ಮೂತಿ ಇಟ್ಟುಕೊಂಡಿತು. ಗಟ್ಟಿ ಮನುಷ್ಯನೆಂದು ಹೆಸರಾದ ಟೆಬಾನ್ ಕೂತಲ್ಲೇ ಅತ್ತುಬಿಟ್ಟ.

ಅಷ್ಟರಲ್ಲಿ ಉಳಿದ ಮರಿಗಳು ಬೆಳೆದು ಒಂದೊಂದು ಮನೆ ಸೇರಿದ್ದವು. ಬಿಳಿಮರಿಯನ್ನು ಬೆಲೆನ್, ಗಂಡುಮರಿಯೊಂದನ್ನು ಡೋಮಿಂಗ್, ಮತ್ತೆರಡನ್ನು ಗುಡಿಯ ಪಕ್ಕದ ಎರಡು ಮನೆಯವರು ತೆಗೆದುಕೊಂಡರು. ಸೂಜಿ ಹಾಕಿಸಬೇಕು, ಕಟ್ಟಿಹಾಕಬಾರದು ಎಂದು ಚಾರಿಂಗ್ ಒಬ್ಬೊಬ್ಬರಿಂದಲೂ ಸಂತ ರೋಕೆಯ ಮೇಲೆ ಆಣೆ ಮಾಡಿಸಿಕೊಂಡಳು. ಹದಿನೈದು ದಿನದಲ್ಲೇ ಬೆಲೆನ್ ಬಂದು, ಹಿತ್ತಲಿಗೆ ಯಾರೋ ಅಪರಿಚಿತ ಬಂದದ್ದಕ್ಕೆ ಗಾಟಾ ಬೊಗಳಿ ಬೊಗಳಿ ಕೇರಿಯನ್ನೇ ಎಬ್ಬಿಸಿತೆಂದು ಹೆಮ್ಮೆಯಿಂದ ಹೇಳಿದಳು. "ಕಚ್ಚಿತೇನೆ?" ಎಂದು ಟೆಬಾನ್ ಕೇಳಿದ. "ಕಚ್ಚೋಕೆ ನಾನಿದೀನಲ್ಲ ಮಾನೊಯ್" ಎಂದಳು ಬೆಲೆನ್.

ಈಗ ಟ್ರೈಸಿಕಲ್ ನಿಲ್ದಾಣದಲ್ಲಿ ಟೆಬಾನ್ ಊರಿಂಗ್‌ನನ್ನು ಅಂಗಿಯೊಳಗೆ ಇಟ್ಟುಕೊಂಡು ನಿಲ್ಲುವುದನ್ನು ಜನ ನೋಡಿದರು. "ಸ್ವಲ್ಪ ಕೈ ಕೊಡಪ್ಪ, ಮೂಸಲಿ. ಮುಟ್ಟಬೇಡ, ಸುಮ್ನೆ ಹಿಡಿ" ಎಂದು ದಾರಿಹೋಕರನ್ನೆಲ್ಲ ಅಂಗಲಾಚುತ್ತಿದ್ದ. "ಹುಲಿ ಮಾರೋನು ಈಗ ಕೈ ಭಿಕ್ಷೆ ಬೇಡ್ತಿದಾನೆ!" ಎಂದು ನಿಲ್ದಾಣದವರು ನಕ್ಕರು. ಅವನೂ ನಕ್ಕ, ಆದರೆ ಬೇಡುವುದನ್ನು ಬಿಡಲಿಲ್ಲ. ಪೋನ್ಯಾಂಗ್ ಅಜ್ಜಿ ಗಾಯ ಮಾಯ್ದ ಕೈಯನ್ನು ದಿನಾ ತಂದು ಮುಂದೆ ಹಿಡಿಯುತ್ತಿದ್ದಳು. ಮಗ ಬೇಡವೆಂದರೂ ಅವಳು ಕೇಳುತ್ತಿರಲಿಲ್ಲ.

ಮತ್ತೆ ಚಂಡಮಾರುತದ ಸುದ್ದಿ ಬಂತು. ಈ ಸಲ ಟೆಬಾನ್ ಮನೆಯಲ್ಲೇ ಇದ್ದ. ಮಾಡನ್ನು ಬಿಗಿಯಲು ಹಗ್ಗ ಸಾಲಲಿಲ್ಲ. ಅವನು ಇಸೋಗ್‌ನ ಸರಪಳಿಯನ್ನು ಕಂಬದಿಂದ ಬಿಚ್ಚಿ, ಆಂಬೋ ಎಸೆದು ಹೋಗಿದ್ದ ಹೊಸದನ್ನೂ ಅದಕ್ಕೆ ಸೇರಿಸಿ, ಮಾಡಿನ ಮೇಲೆ ಅಡ್ಡಲಾಗಿ ಎಳೆದು ಎರಡೂ ಕಡೆ ತೆಂಗಿನ ಮರಕ್ಕೆ ಬಿಗಿದ. ಆಮೇಲೆ ಇಸೋಗ್‌ನ ಮೂತಿಗೆ ಮೆತ್ತನೆಯ ಬಟ್ಟೆ ಸುತ್ತಿ, ಹಗ್ಗ ಹಿಡಿದು, ಊರಿಂಗ್‌ನನ್ನು ಅಂಗಿಯೊಳಗೆ ಹಾಕಿಕೊಂಡು ಚಾರಿಂಗ್ ಜೊತೆ ಹೊರಟ.

ಶಾಲೆಗೆ ಹೋಗುವ ಲಾರಿ ಜನರಿಂದ ತುಂಬಿತ್ತು. ಬೆಲೆನ್ ಮೀನಿನ ಬುಟ್ಟಿಯಲ್ಲಿ ಗಾಟಾನನ್ನು ಕೂರಿಸಿಕೊಂಡಿದ್ದಳು. ಜಾಗವಿದ್ದದ್ದು ಒಂದೇ ಕಡೆ, ತಾಯಿಯ ಜೊತೆ ಕೂತಿದ್ದ ಆಂಬೋನ ಪಕ್ಕದಲ್ಲಿ. ಆಂಬೋ ಆಚೆ ನೋಡುತ್ತ ಕೂತ. ಲಾರಿ ಹೊರಟು ಕುಲುಕಿದ್ದಕ್ಕೆ ಇಸೋಗ್ ಹೆದರಿ ಒದ್ದಾಡತೊಡಗಿತು. ಅದನ್ನು ಹಿಡಿಯಲು ಟೆಬಾನನಿಗೆ ಎರಡೂ ಕೈ ಬೇಕಾಯಿತು.

"ಹಿಡ್ಕೋ ಪಾದಿ" ಎಂದು ಅಂಗಿಯೊಳಗಿನ ಮರಿಯನ್ನು ತೆಗೆದು ಆಂಬೋನ ಮಡಿಲಿಗೆ ಹಾಕಿದ.

ಆಂಬೋ ಕೈ ಮೇಲೆತ್ತಿದ. "ಏಯ್, ಕಚ್ಚತ್ತೆ ಇದು!"

"ನಿನಗೆ ಕಚ್ಚೋ ನಾಯಿ ತಾನೇ ಬೇಕಾಗಿದ್ದು?" ಎಂದಳು ಪೋನ್ಯಾಂಗ್ ಅಜ್ಜಿ.

ಮರಿ ಸೆಟೆದು ನಿಂತಿತು. ಆಂಬೋನ ಬೆರಳನ್ನು ಮೂಸಿತು, ತೋಳನ್ನು ಮೂಸಿತು. ಮಳೆ ರಪ್ಪನೆ ಹೊಡೆದಾಗ ಬೇರೆ ದಾರಿ ಕಾಣದೆ ಅವನ ಕಂಕುಳಿಗೆ ಮುಖ ತೂರಿಸಿ ಮುದುಡಿ ಕೂತಿತು. ಆಂಬೋ ಎತ್ತಿದ್ದ ಕೈಯನ್ನು ಇಳಿಸಿದ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದವರಿಗೆ ಕಾಣದ ಹಾಗೆ ತನ್ನ ಮಳೆಕೋಟನ್ನು ಅದರ ಮೇಲೆ ಎಳೆದುಕೊಂಡ.

ಟೆಬಾನನ ಮೊಣಕಾಲುಗಳ ನಡುವೆ ಇಸೋಗ್ ಇನ್ನೂ ನಡುಗುತ್ತಿತ್ತು. ಚಾರಿಂಗ್ ತನ್ನ ಎಡಗೈಯನ್ನು, ಆ ಮಡಚದ ಬೆರಳುಗಳನ್ನೇ, ಅಂಗೈ ಮೇಲಾಗಿ ಅದರ ಮುಂದೆ ಹಿಡಿದಳು. ಮುಟ್ಟಲಿಲ್ಲ. ಇಸೋಗ್ ಬಟ್ಟೆಯ ಸಂದಿಯಿಂದ ಬಹಳ ಹೊತ್ತು ಮೂಸಿತು. ಗುರುಗುಟ್ಟಲಿಲ್ಲ. ಚಾರಿಂಗ್‌ಗೆ ಅಷ್ಟೇ ಸಾಕಾಗಿತ್ತು.

ಗಾಳಿ ನಿಂತು ನೀರಿಳಿದ ಮೇಲೆ ಎಲ್ಲರೂ ಮನೆಗೆ ಮರಳಿದರು. ಟೆಬಾನನ ಮಾಡು ಉಳಿದಿತ್ತು. ಅವನು ಅಂಗಳದ ಕೆಸರು ಎಳೆಯುತ್ತಿದ್ದಾಗ ಆಂಬೋ ಬೇಲಿಯ ಹತ್ತಿರ ಬಂದು ನಿಂತ. ಶಾಲೆಯಲ್ಲಿದ್ದಷ್ಟು ಹೊತ್ತೂ ಅವನು ಊರಿಂಗ್‌ನನ್ನು ವಾಪಸು ಕೊಟ್ಟಿರಲಿಲ್ಲ, ಟೆಬಾನನೂ ಕೇಳಿರಲಿಲ್ಲ. ಮರಿ ಈಗಲೂ ಅವನ ತೋಳಿನಲ್ಲೇ ಇತ್ತು.

"ಇದು ಯಾತಕ್ಕೂ ಬಾರದ ನಾಯಿ ಪಾದಿ" ಎಂದ ಆಂಬೋ. "ಅಮ್ಮನ ಕಾಲ ಬಿಟ್ಟು ಕದಲಲ್ಲ. ಇರ್ಲಿ, ಮಾತು ಕೊಟ್ಟಿದ್ದೆಯಲ್ಲ, ಅದಕ್ಕೆ ತಗೊಂಡು ಹೋಗ್ತಿದೀನಿ. ನನ್ನ ಸರಪಳಿ ಇಲ್ಲೇ ಬಿಟ್ಟಿದ್ದೆ, ಎಲ್ಲಿ?"

ಟೆಬಾನ್ ಮಾಡಿನ ಕಡೆ ಕೈ ತೋರಿಸಿದ. ಎರಡು ಸರಪಳಿ ಒಂದಕ್ಕೊಂದು ಬೆಸೆದುಕೊಂಡು ಬಿಸಿಲಿಗೆ ಒಣಗುತ್ತಿದ್ದವು.

"ಬಿಚ್ಚಿದ್ರೆ ಮುಂದಿನ ಗಾಳಿಗೆ ನನ್ನ ಮಾಡು ಹಾರಿಹೋಗತ್ತೆ. ಬೇಕೇ ಬೇಕು ಅಂದ್ರೆ ನೀನೇ ಹತ್ತಿ ಬಿಚ್ಕೋ."

ಆಂಬೋ ಮಾಡನ್ನು ನೋಡಿದ, ತೋಳಿನಲ್ಲಿದ್ದ ಮರಿಯನ್ನು ನೋಡಿದ. ಅಷ್ಟು ಹೊತ್ತಿಗೆ ಹಿಂದಿನಿಂದ ಕೋಲಿನ ಸದ್ದು ಕೇಳಿ ಊರಿಂಗ್ ಬಾಲ ಆಡಿಸತೊಡಗಿತ್ತು.

"ಇರ್ಲಿ ಬಿಡು" ಎಂದ ಆಂಬೋ. ಬಗ್ಗಿ ಮರಿಯನ್ನು ನೆಲಕ್ಕೆ ಬಿಟ್ಟ. ಅದು ಕೆಸರಿನಲ್ಲಿ ಓಡಿಹೋಗಿ, ಬೇಲಿ ಸವರಿಕೊಂಡು ಬರುತ್ತಿದ್ದ ಪೋನ್ಯಾಂಗ್ ಅಜ್ಜಿಯ ಚಾಚಿದ ಕೈಗೆ ತಲೆ ಕೊಟ್ಟಿತು.